ಸಾರ್ವಜನಿಕ ಹಿತವೆಂದರೆ ಯಾರ ಹಿತ?

ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಕಾರ್ಯದರ್ಶಿಗಳು ಮನೆಗೇ ಬಂದು ಕೇಳಿದರು. ಸಂಘದ ಹುಟ್ಟು, ಬೆಳವಣಿಗೆ, ಲಾಭ ನಷ್ಟಗಳ ವಿಚಾರವನ್ನು ಅಧ್ಯಕ್ಷರೂ ಅವರೂ ಬೇರೆ ಪುಟಗಳಲ್ಲಿ ಬರೆದಿದ್ದಾರೆ. "ಮೇಷ್ಟ್ರೇ, ನೀವು ಚರಿತ್ರೆ ಪಾಠ ಹೇಳಿದೋರು, ನಾಲ್ಕು ಜನಕ್ಕೆ ತಿಳಿಯೋ ಹಾಗೆ ಏನಾದ್ರೂ ಬರೀರಿ" ಅಂದರು. ಐವತ್ತು ವರ್ಷದಿಂದ ನನ್ನ ತಲೆಯಲ್ಲಿ ಕೂತಿರುವ ಒಂದು ಪ್ರಶ್ನೆ ಇದೆ. ಅದನ್ನೇ ಬರೆಯುತ್ತೇನೆ. ಪ್ರಶ್ನೆ ನನ್ನದಲ್ಲ, ನಮ್ಮ ತಾತನದು.

ನಾನು ಆಗ ಮಿಡ್ಲ್ ಸ್ಕೂಲಿನಲ್ಲಿದ್ದೆ. ಒಂದು ದಿನ ಮಧ್ಯಾಹ್ನ ಜವಾನನೊಬ್ಬ ಸೈಕಲ್ಲಿನಲ್ಲಿ ಬಂದು ತಾತನ ಕೈಗೆ ಒಂದು ಕಾಗದ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಕಾಗದ ಇಂಗ್ಲಿಷಿನಲ್ಲಿತ್ತು. ನನಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಸಾಯಂಕಾಲ ಗ್ರಾಮ ಲೆಕ್ಕಿಗರ ಹತ್ತಿರ ಹೋದೆವು. ಅವರನ್ನು ಊರಿನವರೆಲ್ಲ ಇನ್ನೂ ಶಾನುಭೋಗರು ಅಂತಲೇ ಕರೆಯುತ್ತಿದ್ದರು. ಅವರು ಓದಿ, "ಸಾರ್ವಜನಿಕ ಉದ್ದೇಶಕ್ಕೆ ನಿಮ್ಮ ಹೊಲ ಬೇಕಾಗಿದೆಯಂತೆ ಗೌಡ್ರೆ, ಬಡಾವಣೆ ಮಾಡ್ತಾರೆ" ಅಂದರು. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಸಾರ್ವಜನಿಕ ಅಂದ್ರೆ ಯಾರು ಸ್ವಾಮಿ? ಅದ್ರಲ್ಲಿ ನಾವಿಲ್ವಾ?"

ಶಾನುಭೋಗರು ನಕ್ಕರು. ಉತ್ತರ ಹೇಳಲಿಲ್ಲ. ಪಾಪ, ಅವರಿಗೂ ಗೊತ್ತಿರಲಿಲ್ಲ. ತಾತನ ಆ ಮಾತಿಗೆ ಉತ್ತರ ಹುಡುಕುವುದಕ್ಕೆ ದೇಶದ ಅತಿ ದೊಡ್ಡ ನ್ಯಾಯಾಲಯಗಳೇ ಎಷ್ಟೋ ವರ್ಷ ತಿಣುಕಿವೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಈಗಿನ ಹುಡುಗರಿಗೆ ಇಂದಿರಾನಗರ ಎಂದರೆ ನೂರಡಿ ರಸ್ತೆ, ಹೋಟೆಲು, ಮೆಟ್ರೊ. ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿ, ತಿಪ್ಪಸಂದ್ರ, ಅಪ್ಪಾರೆಡ್ಡಿಪಾಳ್ಯ ಎಂದರೆ ಬಸ್ ಸ್ಟಾಪಿನ ಹೆಸರುಗಳು ಅಂದುಕೊಂಡಿದ್ದಾರೆ. ಇವೆಲ್ಲ ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದ ಊರುಗಳು. ಸೊಪ್ಪು ತರಕಾರಿಯನ್ನು ಹಲಸೂರು ಮಾರ್ಕೆಟ್ಟಿಗೆ ತಲೆಹೊರೆಯಲ್ಲಿ ಒಯ್ಯುತ್ತಿದ್ದರು. ದೊಮ್ಮಲೂರಂತೂ ಬೆಂಗಳೂರು ನಗರಕ್ಕಿಂತ ಹಳೆಯದು. ಚೊಕ್ಕನಾಥಸ್ವಾಮಿ ದೇವಸ್ಥಾನದ ತಮಿಳು ಶಾಸನಗಳಲ್ಲಿ ಅದರ ಹೆಸರು ತೊಂಬಲೂರು ಎಂದಿದೆ. ಹೊಲ ಒಬ್ಬೊಬ್ಬರದು, ಕೆರೆ, ಕುಂಟೆ, ಗೋಮಾಳ, ಗುಂಡುತೋಪು ಎಲ್ಲರದು. ಸಾರ್ವಜನಿಕ ಎಂಬ ಪದ ಊರಿನ ಬಾಯಲ್ಲಿ ಇರಲಿಲ್ಲ, "ಊರೊಟ್ಟಿನದು" ಅನ್ನುತ್ತಿದ್ದರು. ಕೆರೆಯ ಹೂಳು ತೆಗೆಯುವುದು ಊರೊಟ್ಟಿನ ಕೆಲಸ, ಜಾತ್ರೆ ಊರೊಟ್ಟಿನದು. ಊರೊಟ್ಟು ಎಂದರೆ ಯಾರು ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಕೇರಿಯವರನ್ನು ಆ ಲೆಕ್ಕದಿಂದ ಹೊರಗಿಡುತ್ತಿದ್ದರು ಎಂಬುದನ್ನೂ ಹೇಳದೆ ಬಿಟ್ಟರೆ ಈ ಚರಿತ್ರೆ ಸುಳ್ಳಾಗುತ್ತದೆ. ಹಳೆಯದೆಲ್ಲ ಚಿನ್ನವೇನಲ್ಲ.

ಸರ್ಕಾರವೆಂಬುದು ಜನರ ಹಿತಕ್ಕಾಗಿ ಇದೆ ಎಂಬ ಮಾತು ನಮ್ಮ ನಾಡಿಗೆ ಸಂವಿಧಾನದ ಜೊತೆಗೇ ಬಂದದ್ದಲ್ಲ. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದ ವರ್ಷವೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲ ಸಭೆಗೆ ಬಂದವರು 144 ಜನ ಪ್ರತಿನಿಧಿಗಳು. ಅವರು ಅಹವಾಲು ಹೇಳಬಹುದಿತ್ತು, ಓಟು ಹಾಕಿ ತೀರ್ಮಾನಿಸುವ ಅಧಿಕಾರ ಇರಲಿಲ್ಲ. ನಮ್ಮ ಪಕ್ಕದ ಹಲಸೂರು ಮಾತ್ರ ಆಗ ದಂಡು ಪ್ರದೇಶ. ಅಲ್ಲಿ ಬ್ರಿಟಿಷ್ ರೆಸಿಡೆಂಟರ ಆಡಳಿತ. ಅದು ಮೈಸೂರಿಗೆ ವಾಪಸು ಸೇರಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮುಂಚೆ. 1898ರ ಪ್ಲೇಗಿನಲ್ಲಿ ಎರಡೂ ಕಡೆ ಜನ ಸತ್ತರು. ಆಮೇಲೆ ಆ ಕಡೆ ಮಲ್ಲೇಶ್ವರ, ಬಸವನಗುಡಿ ಬೆಳೆದವು, ಈ ಕಡೆ ಫ್ರೇಜರ್ ಟೌನ್ ಆಯಿತು. ಗಾಳಿ ಬೆಳಕಿರುವ ಮನೆ, ಚರಂಡಿ, ನೀರು ಇವೆಲ್ಲ ಸರ್ಕಾರದ ಕೆಲಸ ಎಂದು ಜನಕ್ಕೂ ಸರ್ಕಾರಕ್ಕೂ ಮನದಟ್ಟಾದದ್ದು ಆ ಹೆಣಗಳನ್ನು ಎಣಿಸಿದ ಮೇಲೆ.

ಸಹಕಾರ ಚಳವಳಿಯೂ ಆ ಕಾಲದ್ದೇ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಳ್ಳಿಯ ಪತ್ತಿನ ಸಂಘ ಕಟ್ಟಿದರು. ಅದೇ ವರ್ಷ ಮೈಸೂರು ಸಂಸ್ಥಾನವೂ ಸಹಕಾರ ಸಂಘಗಳ ಕಾನೂನು ಮಾಡಿತು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದಕ್ಕೆ ಸರ್ಕಾರ ಬರುವವರೆಗೆ ಕಾಯುವುದು ಬೇಡ, ನಾವೇ ಕೂಡಿ ಮಾಡಿಕೊಳ್ಳೋಣ ಎಂಬುದೇ ಅದರ ಗುಟ್ಟು. ನಮ್ಮ ಸಂಘದ ಅಜ್ಜಂದಿರು ಅವರು.

ಈಗ ಸಂವಿಧಾನಕ್ಕೆ ಬರೋಣ. ಸರ್ವರ ಹಿತ ಎಂಬ ಮಾತನ್ನು ಸಂವಿಧಾನದಲ್ಲಿ ಬರೆದವರಲ್ಲಿ ಅಮೆರಿಕದವರು ಮೊದಲಿಗರು, 1787ರಲ್ಲಿ. ಬರೆದ ಮರುಗಳಿಗೆಯಿಂದಲೇ ಅವರಲ್ಲಿ ಜಗಳ ಶುರುವಾಯಿತು. ಹಿತಕ್ಕಾಗಿ ಎಂದರೆ ಸರ್ಕಾರ ಏನು ಬೇಕಾದರೂ ಖರ್ಚು ಮಾಡಬಹುದೋ, ಅಥವಾ ಸಂವಿಧಾನದಲ್ಲಿ ಎಣಿಸಿ ಹೇಳಿದ ಕೆಲಸಗಳನ್ನು ಮಾತ್ರವೋ? ಹ್ಯಾಮಿಲ್ಟನ್ ಮೊದಲನೆಯದು ಅಂದ, ಮ್ಯಾಡಿಸನ್ ಎರಡನೆಯದು ಅಂದ. ಮ್ಯಾಡಿಸನ್ ಅಧ್ಯಕ್ಷಗಿರಿ ಬಿಡುವ ಹಿಂದಿನ ದಿನ, 1817ರ ಮಾರ್ಚ್ 3ರಂದು, ರಸ್ತೆ ಕಾಲುವೆಗಳಿಗೆ ಹಣ ಕೊಡುವ ಮಸೂದೆಯನ್ನೇ ತಿರಸ್ಕರಿಸಿದ. ರಸ್ತೆ ಬೇಡವೆಂದಲ್ಲ. ಒಳ್ಳೆಯ ಕೆಲಸವೆಂಬ ಒಂದೇ ಕಾರಣಕ್ಕೆ ಇಲ್ಲದ ಅಧಿಕಾರವನ್ನು ಎಳೆದುಕೊಂಡರೆ ಆ ಅಧಿಕಾರಕ್ಕೆ ಕಡೆ ಎಲ್ಲಿ ಎಂಬುದು ಅವನ ಚಿಂತೆ. ಕೊನೆಗೆ ಗೆದ್ದದ್ದು ಹ್ಯಾಮಿಲ್ಟನ್ನನ ಕಡೆಯೇ. 1937ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ವೃದ್ಧರ ಪಿಂಚಣಿಯೂ ಸರ್ವರ ಹಿತದೊಳಗೆ ಬರುತ್ತದೆ ಎಂದು ಒಪ್ಪಿತು.

ಈ ಜಗಳಗಳನ್ನೆಲ್ಲ ಓದಿಕೊಂಡಿದ್ದವರು ನಮ್ಮ ಕಡೆಯವರೇ ಒಬ್ಬರು. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು, ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದರು. 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಅಲ್ಲಿನ ನ್ಯಾಯಾಧೀಶರನ್ನೂ ಪಂಡಿತರನ್ನೂ ಕಂಡು ಬಂದರು. ಐರ್ಲೆಂಡಿನ 1937ರ ಸಂವಿಧಾನದ ದಾರಿ ಹಿಡಿದು ನಮ್ಮಲ್ಲಿ ರಾಜ್ಯನೀತಿಯ ನಿರ್ದೇಶಕ ತತ್ವಗಳು ಬಂದವು. ಅದರಲ್ಲಿ 38ನೇ ಅನುಚ್ಛೇದ ಜನರ ಕಲ್ಯಾಣಕ್ಕಾಗಿ ಸರ್ಕಾರ ಶ್ರಮಿಸಬೇಕು ಅನ್ನುತ್ತದೆ. 39ನೆಯದು ಸಮುದಾಯದ ಭೌತಿಕ ಸಂಪತ್ತು ಎಲ್ಲರ ಒಳಿತಿಗೆ ಒದಗುವಂತೆ ಹಂಚಿಕೆಯಾಗಬೇಕು ಅನ್ನುತ್ತದೆ. ಆದರೆ 37ನೆಯದು ಒಂದು ಗಂಟು ಹಾಕಿಬಿಟ್ಟಿದೆ: ಇವು ಆಡಳಿತಕ್ಕೆ ಮೂಲಭೂತವಾದವು, ಆದರೂ ಕೋರ್ಟಿಗೆ ಹೋಗಿ ಜಾರಿ ಮಾಡಿಸಿಕೊಳ್ಳುವ ಹಾಗಿಲ್ಲ.

ರಚನಾ ಸಭೆಯಲ್ಲಿ ಕೆ.ಟಿ. ಷಾ ಎಂಬ ಸದಸ್ಯರು ಇದನ್ನು ಬ್ಯಾಂಕಿನ ಅನುಕೂಲವಾದಾಗ ಪಾವತಿಯಾಗುವ ಚೆಕ್ಕಿಗೆ ಹೋಲಿಸಿ ಹಾಸ್ಯ ಮಾಡಿದರು. ಪತ್ತಿನ ಸಂಘದ ಸದಸ್ಯರಾದ ನಿಮಗೆ ಅಂಥ ಚೆಕ್ಕಿನ ಬೆಲೆ ಎಷ್ಟೆಂದು ನಾನು ಹೇಳಬೇಕಾಗಿಲ್ಲ. ಡಾ. ಅಂಬೇಡ್ಕರ್ ಅವರ ಉತ್ತರ ಬೇರೆ ಇತ್ತು. ಯಾವ ಪಕ್ಷ ಗದ್ದುಗೆ ಹಿಡಿದರೂ ಮನಬಂದಂತೆ ಆಳುವಂತಿಲ್ಲ. ಕೋರ್ಟಿನಲ್ಲಿ ಉತ್ತರ ಕೊಡದಿದ್ದರೂ ಚುನಾವಣೆಯಲ್ಲಿ ಜನರ ಮುಂದೆ ಉತ್ತರ ಕೊಡಬೇಕಾಗುತ್ತದೆ ಎಂಬ ಅರ್ಥದಲ್ಲಿ 1948ರಲ್ಲಿ ಅವರು ಮಾತಾಡಿದರು. ಹಿತದ ಕೆಲಸಕ್ಕೂ ವ್ಯಕ್ತಿಯ ಮೂಲಭೂತ ಹಕ್ಕಿಗೂ ಘರ್ಷಣೆ ಬಂದರೆ ಹಿತವೇ ಮೇಲಾಗಬೇಕು ಎಂದು ನರಸಿಂಗ ರಾಯರು ಸಲಹೆ ಮಾಡಿದ್ದರು. ಸಭೆ ಅದನ್ನು ಒಪ್ಪಲಿಲ್ಲ. ಒಪ್ಪದೇ ಬಿಟ್ಟ ಆ ಮಾತು ಇಪ್ಪತ್ತು ವರ್ಷದ ಮೇಲೆ ಮತ್ತೆ ಎದ್ದು ಬಂತು. ಆ ಕಥೆ ಮುಂದಿದೆ.

ನಮ್ಮ ತಾತನ ಕೈಗೆ ಬಂದ ಕಾಗದದ ಹಿಂದೆ ಇದ್ದ ಕಾನೂನು ಇದಾವುದಕ್ಕಿಂತಲೂ ಹಳೆಯದು. 1894ರ ಭೂಸ್ವಾಧೀನ ಕಾಯ್ದೆ. ಬೆಂಗಳೂರಿನಲ್ಲಿ ಬಡಾವಣೆ ಮಾಡುವುದಕ್ಕೆಂದು 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂತು, 1976ರಲ್ಲಿ ಅದೇ ಬಿ.ಡಿ.ಎ. ಆಯಿತು. ಬೋರ್ಡಿನ ಕಾಯ್ದೆಯಲ್ಲಿ ನೋಟಿಸಿನ ಕಲಮುಗಳು ಬೇರೆ ಇದ್ದರೂ ಬೆಲೆ ಕಟ್ಟುವ ಲೆಕ್ಕ 1894ರದೇ.

ಆ ಹಳೆ ಕಾಯ್ದೆ ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲ ತೊಡಕೂ ಅಲ್ಲೇ ಇರುವುದು. 4ನೇ ಕಲಮಿನಲ್ಲಿ ಗೆಜೆಟ್ ಪ್ರಕಟಣೆ ಆಗುತ್ತದೆ, ಇಂಥ ಸರ್ವೆ ನಂಬರು ಬೇಕಾಗಬಹುದು ಎಂದು. ಆ ದಿನದ ಪೇಟೆ ಬೆಲೆಯೇ ಪರಿಹಾರಕ್ಕೆ ಆಧಾರ. ದುಡ್ಡು ಕೈಗೆ ಬರುವ ಹೊತ್ತಿಗೆ ವರ್ಷಗಳು ಕಳೆದು ಸುತ್ತಲ ಬೆಲೆ ನಾಲ್ಕು ಪಟ್ಟಾಗಿದ್ದರೂ ಅದು ಲೆಕ್ಕಕ್ಕಿಲ್ಲ. ಮೂವತ್ತು ದಿನದಲ್ಲಿ ತಕರಾರು ಕೊಡಬಹುದು. ಈ ತಕರಾರಿನ ಅವಕಾಶ ಕೂಡ ಮೊದಲು ಇರಲಿಲ್ಲ, 1923ರಲ್ಲಿ 5ಎ ಎಂದು ಸೇರಿಸಿದ್ದು. ತುರ್ತು ಎಂದು ಹೇಳಿ 17ನೇ ಕಲಮು ಹಾಕಿದರೆ ಅದೂ ತಪ್ಪಿಹೋಗುತ್ತಿತ್ತು. ಆಮೇಲೆ 6ನೇ ಕಲಮಿನ ಘೋಷಣೆ. ಅದರ ಮೂರನೇ ಉಪಕಲಮನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಜಮೀನು ಸಾರ್ವಜನಿಕ ಉದ್ದೇಶಕ್ಕೆ ಬೇಕಾಗಿದೆ ಎಂದು ಸರ್ಕಾರ ಘೋಷಿಸಿದರೆ, ಆ ಘೋಷಣೆಯೇ ಅದಕ್ಕೆ ನಿರ್ಣಾಯಕ ಸಾಕ್ಷ್ಯ. ಅಂದರೆ, ಸಾರ್ವಜನಿಕ ಉದ್ದೇಶ ಹೌದೋ ಅಲ್ಲವೋ ಎಂದು ಹೇಳುವವರು ಯಾರು? ಸರ್ಕಾರ. ಸಾಕ್ಷಿ ಏನು? ಸರ್ಕಾರ ಹೇಳಿದ್ದೇ ಸಾಕ್ಷಿ. ನಮ್ಮ ತಾತನ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರ ಇದು. ಸುಪ್ರೀಂ ಕೋರ್ಟು 1962ರಲ್ಲಿ ಈ ಕಲಮನ್ನು ಒಪ್ಪಿಕೊಂಡಿತು, ಒಂದು ಕಿಂಡಿ ಮಾತ್ರ ಬಿಟ್ಟಿತು: ಸಾರ್ವಜನಿಕ ಉದ್ದೇಶದ ಮುಖವಾಡ ಹಾಕಿ ಬೇರೇನೋ ಮಾಡಿದ್ದರೆ ಕೋರ್ಟು ನೋಡಬಹುದು ಎಂದು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಅದೇ 1970ರ ದಶಕದಲ್ಲಿ ಅದೇ ಸರ್ವಹಿತದ ಹೆಸರಿನಲ್ಲಿ ಭೂಮಿ ಈ ಕಡೆಯಿಂದ ಆ ಕಡೆಗೂ ಹರಿಯಿತು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನು ಉಳುವವನ ಪಾಲಾಯಿತು. ಹೊಲ ಸಿಕ್ಕ ಗೇಣಿದಾರನಿಗೆ ಸಾರ್ವಜನಿಕ ಹಿತ ಅಮೃತ, ಕಳಕೊಂಡ ಜಮೀನ್ದಾರನಿಗೆ ವಿಷ. ನಮ್ಮ ಸೀಮೆಯಲ್ಲಿ ಡಿಕ್ಲರೇಷನ್ ಹಾಕಿ ಹಕ್ಕು ಪಡೆದ ಕೆಲವರು ಅದೇ ಜಮೀನನ್ನು ಮುಂದೆ ಬಡಾವಣೆಗೆ ಬಿಟ್ಟುಕೊಟ್ಟದ್ದೂ ಉಂಟು. ಒಂದೇ ಮಾತು ಒಂದು ಕೈಯಲ್ಲಿ ಕೊಟ್ಟಿತು, ಇನ್ನೊಂದು ಕೈಯಲ್ಲಿ ತೆಗೆದುಕೊಂಡಿತು.

ಭೂಸುಧಾರಣೆಯ ಜಗಳವೇ ದೇಶದ ಅತ್ಯಂತ ದೊಡ್ಡ ಮೊಕದ್ದಮೆಗೆ ಕಾರಣವಾದದ್ದು. ಕಾಸರಗೋಡಿನ ಎಡನೀರು ಮಠ ನಮ್ಮ ಕನ್ನಡದ ಮಠ. ಅದರ ಸ್ವಾಮಿಗಳಾಗಿದ್ದ ಕೇಶವಾನಂದ ಭಾರತಿಯವರು ಕೇರಳದ ಭೂಸುಧಾರಣೆಯ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ 1971ರಲ್ಲಿ ಪಾರ್ಲಿಮೆಂಟು 31ಸಿ ಎಂಬ ಹೊಸ ಅನುಚ್ಛೇದ ತಂದಿತು. ಅದಕ್ಕೆ ಎರಡು ಭಾಗ. 39ನೇ ಅನುಚ್ಛೇದದ ಹಂಚಿಕೆಯ ತತ್ವಕ್ಕಾಗಿ ಮಾಡಿದ ಕಾನೂನನ್ನು ಕೆಲವು ಮೂಲಭೂತ ಹಕ್ಕುಗಳ ಹೆಸರಿನಲ್ಲಿ ರದ್ದು ಮಾಡುವಂತಿಲ್ಲ ಎಂಬುದು ಮೊದಲನೆಯದು. ನರಸಿಂಗ ರಾಯರ ಹಳೆಯ ಸಲಹೆಯ ನೆರಳು ಇದರಲ್ಲಿ ಕಾಣುತ್ತದೆ. ಆ ತತ್ವಕ್ಕಾಗಿಯೇ ಈ ಕಾನೂನು ಎಂದು ಸರ್ಕಾರ ಅದರಲ್ಲೇ ಬರೆದುಬಿಟ್ಟರೆ ಹೌದೋ ಅಲ್ಲವೋ ಎಂದು ಕೋರ್ಟು ಕೇಳುವಂತೆಯೂ ಇಲ್ಲ ಎಂಬುದು ಎರಡನೆಯದು. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಮೊದಲ ಭಾಗ ಉಳಿಯಿತು. ಎರಡನೇ ಭಾಗ ಬಿದ್ದುಹೋಯಿತು. ಸಂವಿಧಾನದ ಮೂಲಸ್ವರೂಪ ಎಂಬ ಮಾತನ್ನಷ್ಟೇ ಎಲ್ಲರೂ ನೆನೆಯುತ್ತಾರೆ. ನನಗೆ ಮಾತ್ರ ಈ ಎರಡನೇ ಭಾಗ ಬಿದ್ದದ್ದೇ ದೊಡ್ಡದಾಗಿ ಕಾಣುತ್ತದೆ. ಸರ್ಕಾರ ಜನರ ಹಿತ ಮಾಡಬೇಕು, ಅದಕ್ಕಾಗಿ ಶ್ರೀಮಂತನ ಆಸ್ತಿಗೂ ಕೈ ಹಾಕಬಹುದು. ಆದರೆ ಹಿತವೇ ಮಾಡುತ್ತಿದ್ದೇನೆ ಎಂಬ ಅದರ ಮಾತೇ ಕೊನೆಯ ಮಾತಲ್ಲ. ಆ ಪೀಠದಲ್ಲಿದ್ದ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆಯವರನ್ನು ಹಿಂದೆ ಹಾಕಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದಾಗ ಅವರು ರಾಜೀನಾಮೆ ಕೊಟ್ಟು ಬಂದರು, ಮುಂದೆ ಲೋಕಸಭೆಯ ಸ್ಪೀಕರೂ ಆದರು. ಅದು ಬೇರೆ ಕಥೆ.

ತಿರುಗಿ ಊರಿಗೆ ಬರೋಣ. ಹೊಲ ಹೋಯಿತು. ಪರಿಹಾರ ಬಂತು. ತಾತ ಆ ದುಡ್ಡಿನಲ್ಲಿ ಒಂದು ಮದುವೆ ಮಾಡಿದ, ಒಂದು ಜೊತೆ ಎತ್ತು ಕೊಂಡ. ಉಳುವುದಕ್ಕೆ ಹೊಲವಿಲ್ಲದೆ ಎತ್ತು ಕೊಂಡನಲ್ಲ ಎಂದು ನಾವು ಈಗ ನಗುತ್ತೇವೆ. ಆದರೂ ತಾತ ಪುಣ್ಯವಂತ. ಪಹಣಿಯಲ್ಲಿ ಹೆಸರಿತ್ತು, ನೋಟಿಸು ಬಂತು, ದುಡ್ಡು ಬಂತು. ಅವನ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ನೋಟಿಸೂ ಇಲ್ಲ, ದುಡ್ಡೂ ಇಲ್ಲ. ಗೋಮಾಳದಲ್ಲಿ ಕುರಿ ಮೇಯಿಸುತ್ತಿದ್ದವರು, ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಮಡಿವಾಳರು, ಕೆರೆಮಣ್ಣಿನಲ್ಲಿ ಮಡಕೆ ಮಾಡುತ್ತಿದ್ದ ಕುಂಬಾರರು ಕಾಗದದಲ್ಲಿ ಎಲ್ಲೂ ಇರಲಿಲ್ಲ. ಗೋಮಾಳ, ಕೆರೆ ದಾಖಲೆಯಲ್ಲಿ ಸರ್ಕಾರದ ಸ್ವತ್ತು. ಸರ್ಕಾರ ತನ್ನ ಸ್ವತ್ತಿಗೆ ತಾನೇ ಯಾರಿಗೆ ಪರಿಹಾರ ಕೊಟ್ಟೀತು? ಪಕ್ಕದ ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಕೋರಮಂಗಲದ ಕೆರೆಯ ಜಾಗದಲ್ಲಿ ರಾಷ್ಟ್ರೀಯ ಕ್ರೀಡಾಕೂಟದ ಹೆಸರಿನ ಮನೆಗಳೆದ್ದವು. ಊರೊಟ್ಟಿನದು ಹೋದಾಗ ಅಳುವುದಕ್ಕೆ ವಾರಸುದಾರರೇ ಇರಲಿಲ್ಲ.

ಬಡಾವಣೆಯಿಂದ ಒಳ್ಳೆಯದೇ ಆಗಲಿಲ್ಲ ಅನ್ನುವವನು ನಾನಲ್ಲ. ನಗರಕ್ಕೆ ಮನೆ ಬೇಕಿತ್ತು. ಎಚ್.ಎ.ಎಲ್., ಐ.ಟಿ.ಐ., ಎನ್.ಜಿ.ಇ.ಎಫ್. ಕಾರ್ಖಾನೆಗಳಿಗೆ ಬಿಟ್ಟ ನೆಲದಲ್ಲಿ ನಮ್ಮ ಊರಿನ ಎಷ್ಟೋ ಹುಡುಗರು ಫಿಟ್ಟರು, ಟರ್ನರು ಆಗಿ ಸಂಸಾರ ಸಾಗಿಸಿದರು. ನನ್ನ ಸಂಬಳದಿಂದ ಮೂರು ಮಕ್ಕಳು ಓದಿದ ಶಾಲೆ ನಿಂತಿರುವುದೂ ಯಾರದೋ ಹೊಲದಲ್ಲೇ.

ಸಹಕಾರಿಗಳಾದ ನಾವು ನಾಚಿಕೊಂಡು ಓದಬೇಕಾದ ಅಧ್ಯಾಯ ಮುಂದಿನದು. 1984ರಲ್ಲಿ ಭೂಸ್ವಾಧೀನ ಕಾಯ್ದೆಗೆ ತಿದ್ದುಪಡಿಯಾಗಿ, ಸರ್ಕಾರದ ಪೂರ್ವಾನುಮತಿ ಪಡೆದ ಸಹಕಾರ ಸಂಘದ ವಸತಿ ಯೋಜನೆಯೂ ಸಾರ್ವಜನಿಕ ಉದ್ದೇಶ ಎಂದಾಯಿತು. ಉದ್ದೇಶ ಒಳ್ಳೆಯದೇ. ಬಾಡಿಗೆ ಮನೆಯಲ್ಲಿರುವ ನೌಕರರು ಕೂಡಿ ಸಂಘ ಮಾಡಿಕೊಂಡು ಸೈಟು ಪಡೆಯಲಿ ಎಂದು. ಬೆಂಗಳೂರಿನ ಸುತ್ತ ಗೃಹ ನಿರ್ಮಾಣ ಸಂಘಗಳು ನಾಯಿಕೊಡೆಯಂತೆ ಎದ್ದವು. ದೂರುಗಳು ಹೆಚ್ಚಿ, ಜಿ.ವಿ.ಕೆ. ರಾವ್ ಅವರಿಂದ ಸರ್ಕಾರವೇ ವಿಚಾರಣೆ ಮಾಡಿಸಿತು. ಕೊನೆಗೆ ರೈತರು ಕೋರ್ಟು ಹತ್ತಿದರು. 1991ರಲ್ಲಿ ಹೈಕೋರ್ಟು ಸ್ವಾಧೀನಗಳನ್ನು ರದ್ದು ಮಾಡಿತು. ಎಚ್.ಎಂ.ಟಿ. ಗೃಹ ನಿರ್ಮಾಣ ಸಹಕಾರ ಸಂಘದ ಮೇಲ್ಮನವಿಯಲ್ಲಿ 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು.

ಆ ತೀರ್ಪಿನಲ್ಲಿ ಎರಡು ಸಂಗತಿ ಮುಖ್ಯ. ಯೋಜನೆಯನ್ನು ಸರ್ಕಾರ ಪರಿಶೀಲಿಸಿ ಒಪ್ಪಿದ್ದೇ ಇಲ್ಲ. ಬರೀ ನೋಟಿಫಿಕೇಷನ್ ಹೊರಡಿಸಿದೆ. ಅದನ್ನು ಹೊರಡಿಸುವಂತೆ ಮಾಡುವುದಕ್ಕೆ ಸಂಘ ಒಬ್ಬ ಮಧ್ಯವರ್ತಿಯೊಂದಿಗೆ ಹಣದ ಕರಾರು ಮಾಡಿಕೊಂಡಿದೆ. ಅಂದರೆ ಸಾರ್ವಜನಿಕ ಉದ್ದೇಶವೆಂಬ ಮೊಹರಿಗೇ ದರ ನಿಗದಿಯಾಗಿತ್ತು! 1962ರಲ್ಲಿ ಬಿಟ್ಟಿದ್ದ ಆ ಸಣ್ಣ ಕಿಂಡಿಯಿಂದ ಬೆಳಕು ಒಳಗೆ ಬಂದದ್ದು ಹೀಗೆ. ನ್ಯಾಯಾಲಯ ಜಮೀನನ್ನು ರೈತರಿಗೆ ವಾಪಸು ಕೊಡಿ ಎಂದಿತು. ಕೋರ್ಟಿಗೆ ಬಂದವರಿಗೆ ಮಾತ್ರವಲ್ಲ, ಬಾರದೆ ಮನೆಯಲ್ಲಿ ಕೂತಿದ್ದವರಿಗೂ. ರೈತರು ತಾವು ಪಡೆದ ಪರಿಹಾರದ ಹಣ ಹಿಂದಿರುಗಿಸಬೇಕೆಂದೂ ಹೇಳಿತು. ಈ ಸುದ್ದಿ ಪೇಪರಿನಲ್ಲಿ ಬಂದ ದಿನ ತಾತ ಬದುಕಿರಲಿಲ್ಲ. ಬದುಕಿದ್ದರೆ ಅದನ್ನು ಎರಡು ಸಲ ಓದಿಸಿ ಕೇಳುತ್ತಿದ್ದ.

ಆದರೆ ಇನ್ನೊಂದು ಮಗ್ಗುಲೂ ಇದೆ. ಆ ಸಂಘಗಳಿಗೆ ಪಿ.ಎಫ್. ಸಾಲ ತೆಗೆದು, ಹೆಂಡತಿಯ ಬಳೆ ಅಡವಿಟ್ಟು ದುಡ್ಡು ಕಟ್ಟಿದ್ದ ಸಾಮಾನ್ಯ ಸದಸ್ಯರು ಸಾವಿರಾರು. ಅವರ ತಪ್ಪೇನು? ಮಹಾಸಭೆಗೆ ಹೋಗಿ ಜಮೀನು ಎಲ್ಲಿಯದು, ಕರಾರು ಯಾರೊಂದಿಗೆ, ದುಡ್ಡು ಯಾರಿಗೆ ಹೋಯಿತು ಎಂದು ಕೇಳಲಿಲ್ಲ. ಕೇಳಿದರೆ ತೋರಿಸುತ್ತಿದ್ದರೋ ಇಲ್ಲವೋ, ಅದು ಬೇರೆ.

ಕರ್ನಾಟಕದ ಇನ್ನೊಂದು ಮೊಕದ್ದಮೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1976ರಲ್ಲಿ ನಮ್ಮ ರಾಜ್ಯ ಸರ್ಕಾರ ಖಾಸಗಿ ಕಾಂಟ್ರಾಕ್ಟ್ ಬಸ್ಸುಗಳನ್ನು ಕಾಯ್ದೆ ಮಾಡಿ ವಶಕ್ಕೆ ತೆಗೆದುಕೊಂಡಿತು. ಹೈಕೋರ್ಟು ಬೇಡವೆಂದಿತು, 1977ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರು ಸರಿ ಎಂದರು. ಅವರಲ್ಲಿ ಕೃಷ್ಣ ಅಯ್ಯರ್ ಅವರೂ ಇನ್ನಿಬ್ಬರೂ ಇನ್ನೂ ಮುಂದೆ ಹೋಗಿ, ಖಾಸಗಿ ಆಸ್ತಿಯೂ ಸಮುದಾಯದ ಸಂಪತ್ತೇ ಎಂಬ ಅಭಿಪ್ರಾಯ ಕೊಟ್ಟರು. ಉಳಿದ ನಾಲ್ವರು ಅದಕ್ಕೆ ಸಹಿ ಹಾಕಲಿಲ್ಲ. ಆದರೂ ಮುಂದಿನ ತೀರ್ಪುಗಳಲ್ಲಿ ಆ ಮಾತೇ ನಡೆಯಿತು. 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಾಧೀಶರ ಪೀಠ ಅದನ್ನು ಬದಿಗಿಟ್ಟು, ಖಾಸಗಿ ಆಸ್ತಿಯೆಲ್ಲವೂ ಸಮುದಾಯದ ಸಂಪತ್ತಲ್ಲ, ಕೆಲವು ಆಗಬಹುದು ಎಂದಿತು. ಆಸ್ತಿಯ ಸ್ವರೂಪ, ಅದರ ಕೊರತೆ, ಅದು ಕೆಲವರ ಕೈಯಲ್ಲೇ ಸೇರುವುದರಿಂದ ಸಮಾಜಕ್ಕೆ ಆಗುವ ಪರಿಣಾಮ, ಇವನ್ನೆಲ್ಲ ನೋಡಿ ಹೇಳಬೇಕಂತೆ. ಮೂರು ಮನೆಯ ಬಾಡಿಗೆಯಲ್ಲಿ ಬದುಕುವ ನಮ್ಮ ಸದಸ್ಯರು ಇದನ್ನು ಕೇಳಿ ನಿಟ್ಟುಸಿರು ಬಿಡಬಹುದು. ಕೃಷ್ಣ ಅಯ್ಯರರ ಮಾತಿನಲ್ಲಿ ಬಡವನ ಮೇಲಿದ್ದ ಕಳಕಳಿ ದೊಡ್ಡದು. ಆದರೆ ಆ ಮಾತಿನ ಅಂಚು ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ, ಮ್ಯಾಡಿಸನ್ ಹೆದರಿದ್ದೂ ಅದಕ್ಕೇ.

ಕಾಲಚಕ್ರ ಹೇಗೆ ತಿರುಗುತ್ತದೆ ನೋಡಿ. ನಮ್ಮ ಹೊಲದಲ್ಲಿ ಮನೆ ಕಟ್ಟಿದವರ ಬಾಗಿಲಿಗೂ ಒಂದು ದಿನ ಅದೇ ಕಾಗದ ಬಂತು. ಮೆಟ್ರೊ ಸಿ.ಎಂ.ಎಚ್. ರಸ್ತೆಯ ಮೇಲೆ ಬರುತ್ತದೆ ಎಂದಾಗ ಅಲ್ಲಿನ ವ್ಯಾಪಾರಿಗಳೂ ನಿವಾಸಿಗಳೂ ಪ್ರತಿಭಟಿಸಿದರು. ಇಷ್ಟು ವರ್ಷ ಕಟ್ಟಿದ ವ್ಯಾಪಾರ ಹೋಗುತ್ತದೆ, ಮರಗಳು ಹೋಗುತ್ತವೆ, ನಮ್ಮನ್ನು ಕೇಳಿದವರು ಯಾರು ಎಂದರು. ನಮ್ಮ ಊರಿನ ಕಟ್ಟೆಯ ಮೇಲೆ ಕೆಲವರು, "ಈಗ ಗೊತ್ತಾಯ್ತಾ?" ಎಂದು ಕುಹಕವಾಡಿದರು. ನನಗೆ ಅದು ಹಿಡಿಸಲಿಲ್ಲ. ಅವರು ಕೇಳಿದ್ದು ನಮ್ಮ ತಾತ ಕೇಳಿದ್ದನ್ನೇ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ರೈಲು ಓಡಿತು. ಪ್ರತಿಭಟಿಸಿದವರ ಮಕ್ಕಳೂ ಅದರಲ್ಲೇ ಆಫೀಸಿಗೆ ಹೋಗುತ್ತಾರೆ, ನಾನೂ ಹೋಗುತ್ತೇನೆ.

2013ರಲ್ಲಿ ಪಾರ್ಲಿಮೆಂಟು ಹೊಸ ಭೂಸ್ವಾಧೀನ ಕಾಯ್ದೆ ಮಾಡಿ, 2014ರ ಜನವರಿಯಿಂದ 1894ರದನ್ನು ತೆಗೆದುಹಾಕಿತು. ಹಳೆ 6ನೇ ಕಲಮಿನ ನಿರ್ಣಾಯಕ ಸಾಕ್ಷ್ಯದ ಮಾತಿಗೆ ಮುಂಚೆ, ಯೋಜನೆಯಿಂದ ಯಾರಿಗೆ ಏನಾಗುತ್ತದೆ ಎಂಬ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕೆಂದು ಅದು ಹೇಳುತ್ತದೆ. ಪಹಣಿಯಲ್ಲಿ ಹೆಸರಿಲ್ಲದ ಕೂಲಿಕಾರ, ಗೇಣಿದಾರ, ಕುಶಲಕರ್ಮಿಗಳನ್ನೂ ಬಾಧಿತ ಕುಟುಂಬವೆಂದು ಎಣಿಸುತ್ತದೆ. ತಾತನ ಹೊಲದ ಕೂಲಿಯವರು ಕಾಗದದ ಮೇಲೆ ಬಂದದ್ದು ಹೀಗೆ, ನಲವತ್ತು ವರ್ಷ ತಡವಾಗಿ. ಬಿ.ಡಿ.ಎ. ಬಡಾವಣೆಗಳಿಗೆ ಈ ಕಾಯ್ದೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬ ಬಗ್ಗೆ ಕೋರ್ಟುಗಳಲ್ಲಿ ದೊಡ್ಡ ವಾದವೇ ನಡೆದಿದೆ. ವಕೀಲರಿಗೆ ಕೆಲಸ ತಪ್ಪಿಲ್ಲ.

ಇಷ್ಟೆಲ್ಲ ಬರೆದದ್ದಕ್ಕೆ ಒಂದು ಕಾರಣವಿದೆ, ಕಾರ್ಯದರ್ಶಿಗಳು ಬೇಸರಿಸಬಾರದು. 2011ರ 97ನೇ ತಿದ್ದುಪಡಿಯಿಂದ ಸಹಕಾರ ಸಂಘ ಕಟ್ಟುವುದು ಮೂಲಭೂತ ಹಕ್ಕಾಗಿದೆ. ನಿರ್ದೇಶಕ ತತ್ವಗಳಲ್ಲೂ 43ಬಿ ಎಂಬ ಅನುಚ್ಛೇದ ಸೇರಿ, ಸಂಘಗಳು ಸ್ವಯಂಪ್ರೇರಿತವಾಗಿ, ಸದಸ್ಯರ ಹತೋಟಿಯಲ್ಲಿ ನಡೆಯಲು ಸರ್ಕಾರ ಉತ್ತೇಜನ ಕೊಡಬೇಕು ಎಂದಿದೆ. ಅದೇ ತಿದ್ದುಪಡಿಯಲ್ಲಿ ರಾಜ್ಯದ ಸಂಘಗಳ ಆಡಳಿತಕ್ಕೆ ಹಾಕಿದ್ದ ಕಟ್ಟುಪಾಡುಗಳನ್ನು 2021ರಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿತು, ಅದು ರಾಜ್ಯಗಳ ವಿಷಯವೆಂದು. ಉಳಿದದ್ದು ನಮ್ಮ 1959ರ ಕಾಯ್ದೆ, ನಮ್ಮ ಬೈಲಾ, ಒಬ್ಬ ಸದಸ್ಯನಿಗೆ ಒಂದು ಮತ. ಸಾವಿರ ಷೇರು ಇದ್ದವನಿಗೂ ಒಂದೇ, ಒಂದು ಷೇರು ಇರುವ ಹಾಲಿನ ಅಮ್ಮನಿಗೂ ಒಂದೇ.

ನಮ್ಮ ಸಂಘಕ್ಕೆ ಷೇರು ಹಣದಿಂದ ಕೊಂಡ ಒಂದು ಜಾಗ ಇದೆ, ಹಳೆ ಗೋಡೌನಿನದು. ಕೊಂಡಾಗ ಆ ಕಡೆ ಹಗಲಲ್ಲೂ ಯಾರೂ ಹೋಗುತ್ತಿರಲಿಲ್ಲ. ಈಗ ಅದರ ಬೆಲೆ ಹೇಳುವುದಕ್ಕೆ ನಾಲಿಗೆ ಹೊರಳದು. ಅದನ್ನು ಬಿಲ್ಡರೊಬ್ಬರಿಗೆ ಜಂಟಿ ಅಭಿವೃದ್ಧಿಗೆ ಕೊಡಬೇಕೆಂಬ ಪ್ರಸ್ತಾಪ ಬಂದಿದೆ. ಸದಸ್ಯರ ಹಿತಕ್ಕಾಗಿ ಎಂದು ಪ್ರಸ್ತಾಪದ ಮೊದಲ ಸಾಲಿನಲ್ಲೇ ಬರೆದಿದೆ. ಹಿತವೇ ಇರಬಹುದು. ನಾನು ವಿರೋಧಿಯಲ್ಲ. ಕರಾರಿನ ನಕಲು, ಬೇರೆ ಯಾರಾರು ಎಷ್ಟು ಕೊಡುತ್ತೇವೆಂದರು ಎಂಬ ಪಟ್ಟಿ, ಗೋಡೌನಿನ ಮುಂದೆ ಇಪ್ಪತ್ತು ವರ್ಷದಿಂದ ಸೊಪ್ಪು ಮಾರುತ್ತಿರುವ ಆ ನಾಲ್ಕು ಜನ ಹೆಂಗಸರು ಎಲ್ಲಿಗೆ ಹೋಗಬೇಕು ಎಂಬ ವಿವರ, ಇವು ಮಹಾಸಭೆಗೆ ಮುಂಚೆ ಸದಸ್ಯರ ಕೈಗೆ ಸಿಗಲಿ ಎಂದು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇನೆ. ಅಧ್ಯಕ್ಷರು ಒಪ್ಪಿದ್ದಾರೆ, ಅದಕ್ಕೆ ಅವರಿಗೆ ವಂದನೆಗಳು. ಸೊಪ್ಪಿನವರಲ್ಲಿ ಇಬ್ಬರು ನಮ್ಮ ಸದಸ್ಯರು, ಇಬ್ಬರು ಅಲ್ಲ; ನಾಲ್ವರನ್ನೂ ಸಭೆಗೆ ಕರೆಯುವುದಾಗಿ ಹೇಳಿದ್ದಾರೆ.

ಸಭೆಯ ನೋಟಿಸು ಸಂಘದ ಕಚೇರಿಯ ಹಲಗೆಯ ಮೇಲೆ ಹಾಕಿದೆ. ಈ ವಿಷಯ ಆರನೆಯದು. ತಕರಾರು, ಸಲಹೆ ಇರುವವರು ಸಭೆಗೆ ಒಂದು ವಾರ ಮುಂಚೆ ಬರೆದು ಕೊಡಬಹುದು. ಬರೆಯಲು ಬಾರದವರು ಸಾಯಂಕಾಲ ಐದರ ಮೇಲೆ ನಮ್ಮ ಮನೆಗೆ ಬಂದರೆ ನಾನು ಬರೆದುಕೊಡುತ್ತೇನೆ. ನೋಟಿಸು ಕನ್ನಡದಲ್ಲಿದೆ.